ಪ್ರವೇಶ ಉಚಿತ

ಹುಮನಾಬಾದ ತಾಲ್ಲೂಕಿನ ಹುಡಗಿ ಎಂಬ ಊರಿನ ಹೆಸರನ್ನು ಮೈಸೂರು ಸೀಮೆಯ ಸ್ನೇಹಿತರ ಮುಂದೆ ಎತ್ತಿದಾಗಲೆಲ್ಲ ಅವರು ಒಮ್ಮೆ ನಗುವುದುಂಟು. ನಡುವಣ ಅಕ್ಷರಕ್ಕೆ ಕೊಂಬಿಲ್ಲವೆಂಬುದನ್ನು ಅವರ ಕಿವಿ ಗಮನಿಸುವುದಿಲ್ಲ. ಗಮನಿಸಿದ ಮೇಲೂ ನಗೆ ನಿಲ್ಲುವುದಿಲ್ಲ. ಈ ಭಾಗದ ಊರುಗಳಿಗೆ ಇಂತಹ ಅಪಾರ್ಥಗಳು ಹೊಸವಲ್ಲ. ಹೊರಗಿನವರು ಬಂದು ನಮಗೆ ನಮ್ಮ ಹೆಸರಿನ ಅರ್ಥವನ್ನು ಹೇಳಿಕೊಟ್ಟು ಹೋಗುವುದು, ನಾವು ಅದನ್ನು ಕೇಳಿ ತಲೆಯಾಡಿಸುವುದು, ಇವೆರಡೂ ಇಲ್ಲಿ ಬಹುಕಾಲದಿಂದ ನಡೆದುಬಂದ ವ್ಯವಹಾರಗಳೇ ಆಗಿವೆ.

ಕಳೆದ ಚಳಿಗಾಲದ ಒಂದು ಸಂಜೆ, ಹುಡಗಿಯ ಬೇವಿನ ಮರದ ಕಟ್ಟೆಯ ಮೇಲೆ ಭಜನಾ ಮೇಳದ ಹಿರಿಯರೊಬ್ಬರೊಡನೆ ಮಾತನಾಡುತ್ತ ಕುಳಿತಿದ್ದಾಗ, ಇಬ್ಬರು ವಿದ್ಯಾರ್ಥಿಗಳು ಮೋಟಾರ್ ಸೈಕಲ್ಲಿನಿಂದಿಳಿದು ನಮಗೊಂದೊಂದು ಕರಪತ್ರವನ್ನು ಕೊಟ್ಟರು. ವಿಶ್ವವಿದ್ಯಾನಿಲಯವೊಂದು ನಾಡಿನ ಪರಂಪರೆಯನ್ನು ಕೊಂಡಾಡುವ ಸಲುವಾಗಿ ಏರ್ಪಡಿಸಿದ ಉತ್ಸವದ ಆಮಂತ್ರಣ ಅದು. ಭಜನೆಯ ಪದಗಳು, ಮೊಹರಮ್ಮಿನ ಪದಗಳು, ಕೋಲಾಟ, ಬಿದರಿ ಕುಸುರಿಯ ಪ್ರದರ್ಶನ, ವಚನಧರ್ಮವನ್ನು ಕುರಿತ ಉಪನ್ಯಾಸ ಇವೆಲ್ಲ ಕ್ರಮವಾಗಿ ಅಚ್ಚಾಗಿದ್ದುವು. ತುದಿಯಲ್ಲಿ, ಉಳಿದೆಲ್ಲ ಅಕ್ಷರಗಳಿಗಿಂತ ದಪ್ಪನಾದ ಅಕ್ಷರಗಳಲ್ಲಿ, 'ಪ್ರವೇಶ ಉಚಿತ' ಎಂದಿತ್ತು. ಹಿರಿಯರು ಕನ್ನಡಕವನ್ನು ಏರಿಸಿಕೊಂಡು ಅದನ್ನು ಎರಡು ಸಲ ಓದಿ, "ನಮ್ಮ ಪದ ಕೇಳ್ಲಾಕ ನಮಗೇ ಫುಕಟ್ ಅಂತ ಬರ್ದಾರಲ್ರಿ, ಇಷ್ಟ ದಿನ ನಾವ್ ಯಾರಿಗಿ ರೊಕ್ಕ ಕೊಟ್ಟ್ ಕೇಳಿದ್ದೆವು?" ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬ ಕುತೂಹಲವಿತ್ತು. ವಿದ್ಯಾರ್ಥಿಗಳಲ್ಲೊಬ್ಬನು ನಕ್ಕನು, ಇನ್ನೊಬ್ಬನು ನಗದೆ, ಆ ಪ್ರಶ್ನೆಗೆ ಉತ್ತರವಿರಬೇಕಲ್ಲ ಎಂಬಂತೆ ನನ್ನ ಮುಖವನ್ನು ನೋಡಿದನು. ನನ್ನಲ್ಲಿಯೂ ಉತ್ತರವಿರಲಿಲ್ಲ. ಮನೆಗೆ ಬಂದ ಮೇಲೆ ಅದನ್ನೇ ನೆನೆಯುತ್ತ ಹೋದಂತೆ, ಈ ಪ್ರಶ್ನೆ ಕಾಸಿನದಲ್ಲ, ಧರ್ಮದ್ದು ಎಂದು ತೋರಿತು.

ಮೊದಲು ಆ ಪದವನ್ನೇ ವಿಚಾರಿಸಬೇಕು. 'ಉಚಿತ' ಎಂಬುದು ಸಂಸ್ಕೃತದಿಂದ ಹೊರಟಾಗ ಹಣದ ಸಂಬಂಧವನ್ನೇ ಅರಿಯದ ಶಬ್ದವಾಗಿತ್ತು. ತಕ್ಕುದು, ಒಪ್ಪುವಂಥದು, ರೂಢಿಯಿಂದ ಮೈಗೂಡಿದುದು ಎಂದಷ್ಟೆ ಅದರ ಅರ್ಥ. ಇಲ್ಲಿ ಕಲ್ಯಾಣದಲ್ಲಿ ಚಾಲುಕ್ಯರು ಆಳುತ್ತಿದ್ದ ಹನ್ನೊಂದನೆಯ ಶತಮಾನದಲ್ಲೇ, ದೂರದ ಕಾಶ್ಮೀರದಲ್ಲಿ ಕುಳಿತ ಕ್ಷೇಮೇಂದ್ರನು ಕಾವ್ಯದ ಜೀವವೇ ಔಚಿತ್ಯವೆಂದು ಸಾಧಿಸಲು 'ಔಚಿತ್ಯವಿಚಾರಚರ್ಚಾ' ಎಂಬ ಗ್ರಂಥವನ್ನು ಬರೆದನು. ಸೊಂಟದ ಡಾಬನ್ನು ಕೊರಳಿಗೂ ಕೊರಳಿನ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡು ಜನ ನಗುವರೆಂಬುದು ಅವನ ವಾದದ ಸಾರ. ಆ ಶಬ್ದವು ಕನ್ನಡಕ್ಕೆ ಬಂದು, ಯಾವುದೋ ಒಂದು ಗಳಿಗೆಯಲ್ಲಿ, ಬೆಲೆಯಿಲ್ಲದೆ ದೊರೆಯುವುದೆಂಬ ಎರಡನೆಯ ಅರ್ಥವನ್ನು ಹೊತ್ತುಕೊಂಡಿತು. ಮಾರುವವನು ಮಾನವಂತನಾದರೆ, ಕೆಲವನ್ನು ಬೆಲೆ ತೆಗೆದುಕೊಳ್ಳದೆ ಕೊಡುವುದೇ ತಕ್ಕುದೆಂದು ಅವನಿಗೆ ತೋರುತ್ತಿದ್ದಿರಬಹುದು. ಎರಡು ಅರ್ಥಗಳ ನಡುವಣ ಸೇತುವೆ ಅದೇ ಇರಬೇಕೆಂದು ನನ್ನ ಊಹೆ. ಸೇತುವೆ ಮುರಿದುಬಿದ್ದು ಬಹಳ ಕಾಲವಾಯಿತು. ಇಂದು ಒಬ್ಬನು ಮಾಡಿದ್ದು ಉಚಿತವಲ್ಲವೆಂದರೆ ತಪ್ಪು ಮಾಡಿದನೆಂದೂ, ಅವನ ಅಂಗಡಿಯ ಸರಕು ಉಚಿತವಲ್ಲವೆಂದರೆ ದುಡ್ಡು ತರಬೇಕೆಂದೂ ಅರ್ಥವಾಗುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ನಮಗೆ ಆ ವೈಚಿತ್ರ್ಯ ಹೊಳೆಯುವುದೇ ಇಲ್ಲ.

ಹಿರಿಯರು ಆಡಿದ 'ಫುಕಟ್' ಮರಾಠಿಯ ಬಳುವಳಿ. ತೆಂಕಣವರು ಅದನ್ನೇ ಪುಕ್ಕಟೆ ಎನ್ನುತ್ತಾರೆ. ಅದರಲ್ಲಿ ತುಸು ತಾತ್ಸಾರವಿದೆಯೇ ಹೊರತು ವಂಚನೆಯಿಲ್ಲ. ಇನ್ನೊಂದು ಪದ 'ಬಿಟ್ಟಿ'. ಇದರ ಚರಿತ್ರೆಯನ್ನು ಬಲ್ಲವರು ಇದನ್ನು ಅಷ್ಟು ಹಗುರವಾಗಿ ಉಚ್ಚರಿಸಲಾರರು. ಸಂಸ್ಕೃತದ 'ವಿಷ್ಟಿ'ಯೇ ಕನ್ನಡದಲ್ಲಿ ಬಿಟ್ಟಿಯಾಯಿತು. ವಿಷ್ಟಿಯೆಂದರೆ ಕೂಲಿ ಕೊಡದೆ ಬಲಾತ್ಕಾರದಿಂದ ದುಡಿಸಿಕೊಳ್ಳುವುದು. ಕೌಟಿಲ್ಯನಿಗೆ ಅದು ರಾಜ್ಯದ ಒಂದು ಆದಾಯ. ನಿಜಾಮರ ಕಾಲದಲ್ಲಿ ಬೇಗಾರಿಯೆಂಬ ಹೆಸರಿನಿಂದ ಅದು ನಮ್ಮ ಅಜ್ಜಂದಿರ ಬೆನ್ನಿನ ಮೇಲೆಯೇ ಇತ್ತು. ಅಧಿಕಾರಿಗೆ ಬಿಟ್ಟಿಯಾಗಿ ದೊರೆತ ಗಾಡಿ, ಹುಲ್ಲು, ಕೋಳಿ, ಹಾಲು ಇವು ಯಾವುವೂ ಆಕಾಶದಿಂದ ಇಳಿದುವಲ್ಲ. ಬೆಲೆ ತೆರುವವನು ಕಣ್ಣಿಗೆ ಬೀಳದಿದ್ದ ಮಾತ್ರಕ್ಕೆ ವಸ್ತುವಿಗೆ ಬೆಲೆಯಿಲ್ಲವೆಂದು ತಿಳಿಯುವ ಭ್ರಮೆಯನ್ನು ಈ ಒಂದು ಪದವೇ ತನ್ನ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದೆ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಸೀಮೆಯ ಹಳೆಯ ವಿದ್ಯಾಕೇಂದ್ರಗಳೂ ಪ್ರಶ್ನೆಗೆ ಹೊರತಾಗುವುದಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ, ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದ ಒಂದನೆಯ ಸೋಮೇಶ್ವರನ ಕಾಲದಲ್ಲಿ, ದಂಡನಾಯಕ ಮಧುಸೂದನನು ಘಟಿಕಾಸ್ಥಾನವೊಂದನ್ನು ನಡೆಸಲು ದತ್ತಿ ಬಿಟ್ಟನೆಂದು 1058ರ ಶಾಸನ ಹೇಳುತ್ತದೆ. ವೇದಾಧ್ಯಯನಕ್ಕೆ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರಗಳನ್ನು ಓದುವವರು ಬೇರೆ, ಅವರಿಗೆಲ್ಲ ಉಪಾಧ್ಯಾಯರು, ಮೇಲೆ ಆರು ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಪಾಲಕನಿಗೆ ಇದಕ್ಕಿಂತ ಅಂದವಾದ ಹೆಸರನ್ನು ಆಮೇಲೆ ಯಾರೂ ಕಂಡುಹಿಡಿದಿಲ್ಲವೆಂದು ನನಗನ್ನಿಸುತ್ತದೆ. ಅಲ್ಲಿ ಓದಿದವರಾರೂ ಶುಲ್ಕ ಕೊಡಬೇಕಾಗಿರಲಿಲ್ಲ; ಅನ್ನವೂ ದತ್ತಿಯಿಂದಲೇ ಬರುತ್ತಿತ್ತು. ಆದರೆ ದತ್ತಿಯೆಂದರೆ ಹೊಲ, ಹೊಲವೆಂದರೆ ಉಳುವವನು. ಆ ಉಳುವವನ ಮಗನು ಘಟಿಕಾಸ್ಥಾನದ ಬಾಗಿಲಿನ ಒಳಗೆ ಕಾಲಿಡುವಂತಿರಲಿಲ್ಲ. ಬೆವರು ಒಳಗೆ ಹೋಯಿತು, ಬೆವರಿನ ಒಡೆಯನು ಹೊರಗೆ ಉಳಿದನು. ಬೀದರಿನಲ್ಲಿ 1472ರಲ್ಲಿ ಪೂರ್ಣವಾದ ಮಹಮೂದ ಗವಾನನ ಮದರಸದ ಕಥೆ ಈ ಒಂದು ಅಂಶದಲ್ಲಿ ಬೇರೆಯಾಗಿದೆ: ಇರಾನಿನ ಗೀಲಾನಿನಿಂದ ವರ್ತಕನಾಗಿ ಬಂದು ಬಹಮನೀ ರಾಜ್ಯದ ಮಂತ್ರಿಯಾದ ಆ ಪುರುಷನು ತನ್ನ ಸ್ವಂತ ಊಟಬಟ್ಟೆಗೆ ವ್ಯಾಪಾರದ ಲಾಭವನ್ನು ಮಾತ್ರ ಬಳಸುತ್ತಿದ್ದನೆಂದೂ, ಗ್ರಂಥಗಳನ್ನು ವಿದ್ಯಾರ್ಥಿಗಳಿಗೇ ಬಿಟ್ಟನೆಂದೂ ಇತಿಹಾಸಕಾರರು ಬರೆದಿದ್ದಾರೆ. 1481ರಲ್ಲಿ ಕೂಟಪತ್ರವೊಂದನ್ನು ನಂಬಿದ ಸುಲ್ತಾನನು ಅವನ ತಲೆಯನ್ನು ತೆಗೆಸಿದನು. ಇಂದು ಪ್ರವಾಸಿಗಳು ಅಳಿದುಳಿದ ಮಿನಾರಿನ ಹೆಂಚುಗಳ ಬಣ್ಣವನ್ನು ಹೊಗಳಿ ಹಿಂದಿರುಗುತ್ತಾರೆ.

ಕೊಡುವುದನ್ನು ಕುರಿತು ನಮ್ಮ ಶಾಸ್ತ್ರಗಳು ಮಾಡಿರುವ ಚಿಂತನೆಯಾದರೂ ಅಲ್ಪವಲ್ಲ. ದೇಶ, ಕಾಲ, ಪಾತ್ರ ಈ ಮೂರನ್ನೂ ನೋಡಿ, ಪ್ರತ್ಯುಪಕಾರವನ್ನು ಬಯಸದೆ ಕೊಟ್ಟುದು ಸಾತ್ತ್ವಿಕದಾನವೆಂದು ಗೀತೆ ಹೇಳುತ್ತದೆ. ಉಚಿತ ಎಂಬುದರ ಹಳೆಯ ಅರ್ಥವೇ ಅಲ್ಲಿ ದಾನದ ಲಕ್ಷಣವಾಗಿ ಬಂದಿರುವುದನ್ನು ಗಮನಿಸಬೇಕು. ತೈತ್ತಿರೀಯೋಪನಿಷತ್ತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು, ಶ್ರದ್ಧೆಯಿಂದ ಕೊಡು ಎಂದು ಹೇಳಿದಷ್ಟಕ್ಕೇ ನಿಲ್ಲದೆ, ಲಜ್ಜೆಯಿಂದ ಕೊಡು, ಭಯದಿಂದ ಕೊಡು ಎಂಬ ಅಭಿಪ್ರಾಯದ ಮಾತುಗಳನ್ನೂ ಸೇರಿಸುತ್ತಾನೆ. ಪಡೆಯುವವನಿಗಲ್ಲವೆ ಲಜ್ಜೆ, ಕೊಡುವವನಿಗೇಕೆ? ಈ ಉಪದೇಶವನ್ನೇ ನಮ್ಮ ವಿಶ್ವವಿದ್ಯಾನಿಲಯಗಳು ಘಟಿಕೋತ್ಸವದ ದಿನ, ಕುಲಪತಿಗಳ ಗಂಭೀರವಾದ ಧ್ವನಿಯಲ್ಲಿ, ಪದವೀಧರರಿಗೆ ಕೇಳಿಸುವ ರೂಢಿಯುಂಟು. ಅದು ವಿಶ್ವವಿದ್ಯಾನಿಲಯಕ್ಕೂ ಅನ್ವಯಿಸುವುದೆಂದು ಆ ಹೊತ್ತಿನಲ್ಲಿ ಯಾರಿಗೂ ತೋರದಿರುವುದು, ಗೌನು ತುಂಬ ದಪ್ಪನಾಗಿರುವುದರಿಂದಲೋ ಏನೋ.

ಕೊಡುವವನ ಲಜ್ಜೆಯೆಂದರೆ ಏನೆಂಬುದನ್ನು ಉಪನಿಷತ್ತಿನಿಂದ ಅರಿಯದ ನನ್ನಂಥವರಿಗೆ ಅರಿವು ಮಾಡಿಕೊಡಲು ಬಸವಕಲ್ಯಾಣ ಹತ್ತಿರದಲ್ಲೇ ಇದೆ. ಅಲ್ಲಿನ ಹರಳಯ್ಯನವರ ಗವಿಗೆ ಹೋದವರೆಲ್ಲ ಕೇಳುವ ಕಥೆ ಇದು. ಪಾದರಕ್ಷೆ ಹೊಲಿಯುವ ಕಾಯಕದ ಹರಳಯ್ಯನು ದಾರಿಯಲ್ಲಿ ಬಸವಣ್ಣನನ್ನು ಕಂಡು 'ಶರಣು' ಎಂದನು. ಬಿಜ್ಜಳನ ಭಂಡಾರಿಯಾದ ಬಸವಣ್ಣನು 'ಶರಣು ಶರಣಾರ್ಥಿ' ಎಂದು ಮರುನುಡಿದನು. ಒಂದಕ್ಕೆ ಎರಡು ಬಂದಿತು. ಬೇರೆ ಯಾರಾದರೂ ಆಗಿದ್ದರೆ ಆ ಹೆಚ್ಚುವರಿಯನ್ನು ಮರ್ಯಾದೆಯೆಂದು ಜೇಬಿಗೆ ಹಾಕಿಕೊಂಡು, ಮನೆಗೆ ಬಂದು ಹೆಂಡತಿಯೆದುರು ಹೇಳಿಕೊಂಡು ಹಿಗ್ಗುತ್ತಿದ್ದರು. ಹರಳಯ್ಯನೂ ಹೆಂಡತಿಗೆ ಹೇಳಿದನು; ಆದರೆ ಸಾಲ ಬಿದ್ದವನಂತೆ ಹೇಳಿದನು. ಆ ಒಂದು ಹೆಚ್ಚಿನ ಶರಣಿನ ಭಾರವನ್ನು ಇಳಿಸುವುದೆಂತೆಂದು ಗಂಡಹೆಂಡಿರು ಆಲೋಚಿಸಿ, ತಮ್ಮ ತೊಡೆಗಳ ಚರ್ಮವನ್ನೇ ತೆಗೆದು ಹದಗೊಳಿಸಿ ಒಂದು ಜೋಡು ಪಾದರಕ್ಷೆಗಳನ್ನು ಮಾಡಿದರು. ಅವನ್ನು ಬಸವಣ್ಣನ ಮುಂದಿಟ್ಟಾಗ ಅವನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತನು. ಇವನ್ನು ಮೆಟ್ಟುವ ಯೋಗ್ಯತೆ ಲೋಕದಲ್ಲಿ ಯಾರಿಗೂ ಇಲ್ಲವೆಂದು ಹಿಂದಿರುಗಿಸಿದನು.

ಇದನ್ನು ಭಕ್ತಿಯ ಅತಿಶಯೋಕ್ತಿಯೆಂದು ಪಕ್ಕಕ್ಕೆ ಸರಿಸುವವರು ಸರಿಸಲಿ. ನನಗೆ ಇದರಲ್ಲಿ ಕಾಣುವುದು ಒಂದು ವಿಲಕ್ಷಣವಾದ ಲೆಕ್ಕಾಚಾರ. ಇಲ್ಲಿ ಇಬ್ಬರು ತಾವೇ ಸಾಲಗಾರರೆಂದು ಹಟ ಹಿಡಿದಿದ್ದಾರೆ. ಇಬ್ಬರಲ್ಲಿ ಒಬ್ಬನಿಗೂ ತಾನು ಕೊಟ್ಟವನೆಂಬ ಭಾವವೇ ಹುಟ್ಟುವುದಿಲ್ಲ. ಕೊಟ್ಟೆನೆಂಬವನೇ ಇಲ್ಲದಿರುವಲ್ಲಿ ಉಚಿತವೆಂದು ಬೋರ್ಡು ಬರೆಯುವವರಾರು? ಕಲ್ಯಾಣದ ಶರಣರು ದಾನವೆಂಬ ಹಳೆಯ ಮಾತನ್ನು ಬಿಟ್ಟು ದಾಸೋಹವೆಂಬ ಮಾತನ್ನು ಹಿಡಿದುದರ ಗುಟ್ಟು ಇದೇ ಎಂದು ನಾನು ತಿಳಿಯುತ್ತೇನೆ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ; ದಾಸೋಹದಲ್ಲಿ ಕೊಡುವವನು ದಾಸನಾಗಿ ಕೆಳಗೆ ನಿಂತಿರುತ್ತಾನೆ. ಪಡೆಯುವವನಿಗೂ ಅಲ್ಲಿ ಒಂದು ನಿಯಮವುಂಟು. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮನು ಇದು ನಮ್ಮ ಕಾಯಕಕ್ಕೆ ಮೀರಿದುದೆಂದು ಗದರಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳು. ನೆಲದ ಮೇಲೆ ಬಿದ್ದ ಅಕ್ಕಿಗಿಂತ ಪುಕ್ಕಟೆಯಾದದ್ದು ಮತ್ತಾವುದು? ಆದರೂ ಅದು ಅವಳಿಗೆ ಉಚಿತವೆನಿಸಲಿಲ್ಲ, ಎರಡು ಅರ್ಥದಲ್ಲಿಯೂ.

ಇನ್ನು ನಮ್ಮ ಕಾಲದ ವಿಶ್ವವಿದ್ಯಾನಿಲಯಗಳ ವಿಷಯ. ಕನ್ನಡನಾಡಿನಲ್ಲಿ ಅವು ಹಳ್ಳಿಯ ಕಡೆಗೆ ಮುಖ ಮಾಡಿದ್ದು ಇಂದು ನಿನ್ನೆಯದಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಪಂಡಿತರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸಗಳನ್ನು ಮಾಡಿ, ಅವನ್ನು ಅಲ್ಪ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿದರು; 1956ರಿಂದ 1960ರ ವರೆಗೆ ಕುವೆಂಪು ಕುಲಪತಿಗಳಾಗಿದ್ದಾಗ ಆ ಕೆಲಸಕ್ಕೆ ಪ್ರಸಾರಾಂಗದ ಮೂಲಕ ಹೊಸ ಬಲ ಬಂದಿತು. ಅದು ಉದಾತ್ತವಾದ ಸಾಹಸ. ಆದರೆ ಅದರ ದಿಕ್ಕು ಒಂದೇ: ಜ್ಞಾನ ಪಟ್ಟಣದಿಂದ ಹೊರಟು ಹಳ್ಳಿಗೆ ಬರುತ್ತಿತ್ತು. ಹಳ್ಳಿಯಿಂದ ಪಟ್ಟಣಕ್ಕೆ ಹೋಗಬೇಕಾದುದೂ ಒಂದಿದೆಯೆಂಬ ಅರಿವು ತಡವಾಗಿ ಬಂದಿತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಅದು ಘಟಿಕೋತ್ಸವವನ್ನು ನುಡಿಹಬ್ಬವೆಂದು ಕರೆಯಿತು. ಗೌರವ ಪದವಿಗೆ 'ನಾಡೋಜ'ವೆಂಬ ಹೆಸರನ್ನು ಆಯ್ದುಕೊಂಡಿತು. ಓಜನೆಂದರೆ ಉಪಾಧ್ಯಾಯ, ನಾಡಿಗೆ ಕಲಿಸಿದವನು ನಾಡೋಜ. ಮುಂದೆ 2011ರಲ್ಲಿ ಶಿಗ್ಗಾವಿಯ ಬಳಿ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಹುಟ್ಟಿತು.

ನಾಡೋಜರ ಪಂಕ್ತಿಯಲ್ಲಿ ದರೋಜಿಯ ಬುರ್ರಕಥಾ ಈರಮ್ಮನವರ ಹೆಸರೂ ಸೇರಿದೆ. ಅಕ್ಷರ ಕಲಿಯದ, ಊರಿಂದೂರಿಗೆ ಅಲೆಯುವ ಸಮುದಾಯದಲ್ಲಿ ಹುಟ್ಟಿದ ಆ ತಾಯಿ ಹನ್ನೆರಡು ಮಹಾಕಾವ್ಯಗಳನ್ನು ನಾಲಗೆಯ ತುದಿಯಲ್ಲಿ ಇರಿಸಿಕೊಂಡಿದ್ದರು. ಅವುಗಳಲ್ಲಿ ಕೆಲವನ್ನು ವಿದ್ವಾಂಸರು ಕೇಳಿ ಬರೆದುಕೊಂಡು ಗ್ರಂಥಗಳನ್ನಾಗಿಸಿದರು. ಅವರ ಕುಲದವರು ಮನೆಯ ಬಾಗಿಲುಗಳ ಮುಂದೆ ನಿಂತು ಹಾಡಿ, ಮೊರದಲ್ಲಿ ಬಂದ ಕಾಳನ್ನು ಜೋಳಿಗೆಗೆ ಸುರಿದುಕೊಂಡವರು. ಕೇಳಿದವರಿಗೆ ಅದು ಭಿಕ್ಷೆಯಾಗಿ ಕಂಡಿತೇ ಹೊರತು, ಉಪಾಧ್ಯಾಯರಿಗೆ ಸಲ್ಲಬೇಕಾದ ವೇತನವಾಗಿ ಕಾಣಲಿಲ್ಲ. ವಿಶ್ವವಿದ್ಯಾಲಯವು ಈರಮ್ಮನವರಿಗೆ ಪದವಿ ಕೊಟ್ಟಿತೆಂದು ನಾವು ಹೇಳುತ್ತೇವೆ. ವಾಕ್ಯವು ವ್ಯಾಕರಣಶುದ್ಧವಾಗಿದೆ; ಆದರೆ ಹನ್ನೆರಡು ಕಾವ್ಯಗಳನ್ನು ಒಂದು ತಟ್ಟೆಯಲ್ಲಿಯೂ ಒಂದು ಶಾಲು ಒಂದು ಪ್ರಶಸ್ತಿಪತ್ರವನ್ನು ಇನ್ನೊಂದರಲ್ಲಿಯೂ ಇಟ್ಟು ತೂಗಿದರೆ, ಕರ್ತೃಪದವನ್ನು ಬದಲಾಯಿಸಬೇಕಾದೀತು. ಆ ಪದವಿಗೆ ನಾಡೋಜವೆಂಬ ಹೆಸರನ್ನಿಟ್ಟವರಿಗೆ ಇದು ತಿಳಿದಿತ್ತೆಂದೇ ನನ್ನ ನಂಬಿಕೆ. ಹೆಸರಿನಲ್ಲಿ ಲಜ್ಜೆಯಿದೆ.

ಪ್ರಾಮಾಣಿಕವಾಗಿ ನೋಡಿದರೆ, ನಮ್ಮ ಜಿಲ್ಲೆಯಲ್ಲಿ ಕೊಡುಕೊಳುಗೆ ಸಮನಾಗಿ ನಡೆಯುವುದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಪಶುಮೇಳದಲ್ಲಿಯೇ ಏನೋ. ಅಲ್ಲಿಗೆ ರೈತನು ದೇವಣಿ ಹೋರಿಯನ್ನು ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಕರೆತರುತ್ತಾನೆ. ಬಾಲಂಕ್ಯಾ, ವಾನೇರಾ, ಶೇವೇರಾ ಎಂದು ಮೈಬಣ್ಣವನ್ನು ನೋಡಿ ತಳಿಯ ಬಗೆಗಳನ್ನು ಬೇರ್ಪಡಿಸುವ ವಿದ್ಯೆ ಅವನದು. ರೋಗಕ್ಕೆ ಮದ್ದು ಹೇಳುವ ವಿದ್ಯೆ ಡಾಕ್ಟರರದು. ಒಬ್ಬರ ಮಾತನ್ನೊಬ್ಬರು ಕೇಳುತ್ತಾರೆ. ಹೋರಿಗೆ ಶಾಲು ಹೊದಿಸಿದರೂ ಅದು ಅದನ್ನು ಮೆಲ್ಲಲು ನೋಡುತ್ತದೆಯಾದುದರಿಂದ ಸನ್ಮಾನ ಬೇಗ ಮುಗಿಯುತ್ತದೆ.

ಆ ಕರಪತ್ರದ ಉತ್ಸವಕ್ಕೂ ನಾನು ಹೋಗಿದ್ದೆ. ನಿಂದಿಸಲು ಅಲ್ಲಿ ಬಹಳವೇನೂ ಇರಲಿಲ್ಲ. ಹುಡಗಿಯ ಮೇಳಕ್ಕೆ ಏಳು ನಿಮಿಷಗಳನ್ನು ಗೊತ್ತು ಮಾಡಿದ್ದರು. ಪಲ್ಲವಿಯನ್ನು ಮೂರು ಸಲ ತಿರುವುವಷ್ಟರಲ್ಲಿ ಹೊತ್ತು ತೀರಿತು. ಸ್ವಾಗತ ಭಾಷಣಕ್ಕೆ ಅಂತಹ ನಿರ್ಬಂಧವಿರಲಿಲ್ಲ. ಪಟ್ಟಣದ ಹುಡುಗರು ಹುಡುಗಿಯರು ನೂರಾರು ಮಂದಿ ಬಂದು, ತಮ್ಮ ಅಜ್ಜಿಯರ ಬಾಯಲ್ಲಿ ಕೇಳಿ ಮರೆತಿದ್ದ ಪದವನ್ನು ವೇದಿಕೆಯ ಮೇಲೆ ಕೇಳಿ ಮುಖವರಳಿಸಿದರೆಂಬುದನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಆ ಪದವನ್ನು ಮನೆಯಲ್ಲಿ ಉಳಿಸಿಕೊಳ್ಳದವರು ನಾವೇ ತಾನೆ? ನಮ್ಮ ಹಿರಿಯರು ಹೇಳಿದಂತೆ ಅದು ನಮ್ಮ ಪದವೆಂದು ಎದೆತಟ್ಟಿಕೊಳ್ಳುವ ಹಕ್ಕು, ಅದನ್ನು ಹಾಡುವವರಿಗಷ್ಟೇ ಉಂಟು. ನನ್ನಂಥ ಕೇಳುಗನಿಗೆ ಅರ್ಧವೂ ಇಲ್ಲ.

ನನ್ನನ್ನು ಚುಚ್ಚಿದ್ದು ಬೇರೆಯೇ. ಕಲ್ಯಾಣದ ವೈಭವವನ್ನು ಕುರಿತ ಉಪನ್ಯಾಸದಲ್ಲಿ ಅನುಭವಮಂಟಪ ಬಂದಿತು, ಶೂನ್ಯಸಿಂಹಾಸನ ಬಂದಿತು, 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಅಡಿಗಲ್ಲು ಕಂಡ ನೂತನ ಅನುಭವಮಂಟಪದ ವರ್ಣನೆಯೂ ಬಂದಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದುದಕ್ಕಾಗಿ ಆ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಗಳಲ್ಲಿ ಎಳೆಸಿದರೆಂಬ ಮಾತು ಬರಲಿಲ್ಲ. ಎಳೆಹೂಟೆಯೂ ನಮ್ಮ ಪರಂಪರೆಯೇ. ಆ ದಿನ ಬೀದಿಯ ಎರಡೂ ಪಕ್ಕದಲ್ಲಿ ನಿಂತು ನೋಡಿದವರೂ ನಮ್ಮ ಪೂರ್ವಜರೇ. ಅವರಿಗೂ ಪ್ರವೇಶಕ್ಕೆ ಯಾರೂ ಹಣ ಕೇಳಿರಲಿಲ್ಲ. ಪಿತೃಋಣವೆಂದರೆ ತಂದೆತಾತಂದಿರ ಆಸ್ತಿಯ ಜೊತೆಗೆ ಅವರ ಸಾಲವೂ ಹೌದೆಂದು ನಮ್ಮ ವ್ಯವಹಾರಶಾಸ್ತ್ರ ಬಲ್ಲುದು. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಈ ಕಲ್ಯಾಣದವನೇ. ಅವನನ್ನು ಕೇಳಿದ್ದರೆ, ಸಾಲವನ್ನು ಮರೆಮಾಚಿ ಆಸ್ತಿಯನ್ನಷ್ಟೇ ಪಾಲಿಗೆ ತರುವ ದಾಯಾದಿಗೆ ಏನು ಹೇಳುತ್ತಿದ್ದನೋ! ಜನರಿಗೆ ಉತ್ಸವವನ್ನು ಯಾರು ಬೇಕಾದರೂ ಮಾಡಿಕೊಟ್ಟಾರು. ಜಾತ್ರಾಸಮಿತಿ ಮಾಡುತ್ತದೆ, ನಮ್ಮ ಮಗ್ಗುಲಲ್ಲೇ ಮಾಣಿಕನಗರದ ದತ್ತಜಯಂತಿಯಲ್ಲಿ, ಸಕಲಮತವೆಂಬ ದೊಡ್ಡ ಮಾತನ್ನು ಬಿಟ್ಟುಹೋದ ಮಾಣಿಕಪ್ರಭುಗಳ ಹೆಸರಿನಲ್ಲಿ, ದೊಡ್ಡ ದೊಡ್ಡ ಗಾಯಕರು ರಾತ್ರಿಯೆಲ್ಲ ಸೇವೆಯೆಂದು ಹಾಡುತ್ತಾರೆ. ಅಲ್ಲಿ ಪ್ರವೇಶ ಉಚಿತವೆಂದು ಯಾರೂ ಬರೆದು ತೂಗುಹಾಕಿರುವುದಿಲ್ಲ. ಸಾಲದ ಪತ್ರವನ್ನು ಬಿಚ್ಚಿ ಓದಿಹೇಳುವ ಕೆಲಸಕ್ಕೆ ಮಾತ್ರ ವಿಶ್ವವಿದ್ಯಾನಿಲಯವೇ ಬೇಕು.

ಬೋರ್ಡಿನ ಹಂಗಿಲ್ಲದೆ ಕೆಲಸ ಮಾಡುವುದಕ್ಕೂ ಈ ನೆಲದಲ್ಲಿ ಮೇಲ್ಪಂಕ್ತಿಯುಂಟು. ನಿಜಾಮರ ಆಳಿಕೆಯಲ್ಲಿ ಕನ್ನಡ ಕಲಿಸುವುದು ಸಂಕಟದ ಕೆಲಸವಾಗಿದ್ದಾಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಬಾಗಿಲಿಗೆ ಉರ್ದುವಿನ ಬೋರ್ಡು ಹಾಕಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಹೊರಗಿನ ಬರಹ ಒಂದು, ಒಳಗಿನ ಕೊಡುಗೆ ಒಂದು. ಇಂದು ಬೋರ್ಡಿಗೆ ಅಂಜಬೇಕಾದ ಕಾಲ ಹೋಯಿತು. ಬೋರ್ಡೇ ಕೆಲಸವೆಂದು ತಿಳಿಯುವ ಕಾಲ ಬಂದಿದೆ.

ಉತ್ಸವ ಮುಗಿದ ಮುಂದಿನ ಸೋಮವಾರ ಹುಡಗಿಯಲ್ಲಿ ಎಂದಿನಂತೆ ರಾತ್ರಿ ಭಜನೆಯಿತ್ತು. ಅಲುಗಾಡುತ್ತಿದ್ದ ಹಾರ್ಮೋನಿಯಂ ಪೆಟ್ಟಿಗೆಯ ಒಂದು ಮೂಲೆಯ ಕೆಳಗೆ ಆ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಬಂದವರಲ್ಲಿ ಒಬ್ಬರು ಬೆಲ್ಲ ತಂದಿದ್ದರು, ಒಬ್ಬರು ಚಹದ ಪುಡಿ, ಒಬ್ಬ ಹೆಂಗಸು ದೀಪಕ್ಕೆ ಎಣ್ಣೆ. ಏನೂ ತಾರದವರೂ ಇದ್ದರು, ಅವರಲ್ಲಿ ನಾನೊಬ್ಬ. ಎರಡನೆಯ ಪದ ನಡೆಯುತ್ತಿರುವಾಗ, ಅಂದು ನಗದಿದ್ದ ಆ ವಿದ್ಯಾರ್ಥಿ ಬಂದು ಬಾಗಿಲ ಬಳಿ ನಿಂತನು. ರೆಕಾರ್ಡು ಮಾಡಿಕೊಳ್ಳಲು ಮೊಬೈಲನ್ನು ಕೈಯಲ್ಲಿ ಹಿಡಿದಿದ್ದನು. ಯಾರೋ ಸರಿದು ಕಂಬಳಿಯ ಮೇಲೆ ಜಾಗ ಮಾಡಿಕೊಟ್ಟರು. ಇನ್ನಾರೋ ಅವನ ಕೈಗೆ ತಾಳಗಳನ್ನು ಕೊಟ್ಟರು. ಎರಡು ಕೈಯೂ ಬೇಕಾದುದರಿಂದ ಮೊಬೈಲನ್ನು ಜೇಬಿಗೆ ಸೇರಿಸಿದನು. ಅವನ ತಾಳ ಮೂರು ಸಲ ತಪ್ಪಿತು. ನಾಲ್ಕನೆಯ ಸಲ ತಪ್ಪುವ ಮುನ್ನ, ಹಿರಿಯರು ಹಾಡನ್ನು ನಿಲ್ಲಿಸದೆಯೇ, ಬಲಗೈ ಚಾಚಿ ಅವನ ಮೊಣಕಾಲಿನ ಮೇಲೆ ಲಯವನ್ನು ಮೆಲ್ಲಗೆ ತಟ್ಟತೊಡಗಿದರು.